ಸೆಖೆಗಾಲದ ಸುಖ ಅಂಗಳದಲ್ಲಿ ಉಂಟು, ಬೀಚಿನಲ್ಲಿ ಹುಡುಕಬೇಡಿ

ಏಪ್ರಿಲ್ ಬಂತೆಂದರೆ ಎಲ್ಲರ ಮೊಬೈಲಿನಲ್ಲೂ ಕರಾವಳಿಯದ್ದು ಅದೇ ನಾಲ್ಕು ಫೋಟೋ: ಮಲ್ಪೆಯ ದೋಣಿ, ಮರವಂತೆಯ ಹೆದ್ದಾರಿ, ಗೋಕರ್ಣದ ಸೂರ್ಯಾಸ್ತ, ಕೈಯಲ್ಲೊಂದು ಬೊಂಡ, ಅಂದರೆ ಎಳನೀರು. ಚಂದವೇ, ಬೇಡ ಅನ್ನುವುದಿಲ್ಲ. ಆದರೆ ಊರವರು ಆ ತಿಂಗಳಲ್ಲಿ ಮಧ್ಯಾಹ್ನ ಕಡಲಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಇಲ್ಲಿನ ಬೇಸಿಗೆಯ ಸುಖ ಇರುವುದು ಅಂಗಳದಲ್ಲಿ, ಜಗಲಿಯಲ್ಲಿ, ಬಾವಿಕಟ್ಟೆಯಲ್ಲಿ. ಅದರಲ್ಲಿ ಮುಕ್ಕಾಲು ಪಾಲು ಮೈಬಗ್ಗಿಸಿ ಕೆಲಸ ಮಾಡಿದವರಿಗೆ ಮಾತ್ರ ಸಿಗುವಂಥದ್ದು. ದುಡ್ಡು ಕೊಟ್ಟು ತಂದರೆ ರುಚಿ ಸಿಗಬಹುದು, ಗಮ್ಮತ್ತು ಸಿಗುವುದಿಲ್ಲ.

ಮೊದಲು ಸೆಖೆಯ ವಿಷಯ. ನಮ್ಮಲ್ಲಿ ಬಿಸಿಲು 34–35 ಡಿಗ್ರಿ, ಕಲಬುರಗಿಯ 41–42ರ ಎದುರು ಇದೇನೂ ಅಲ್ಲ. ಆದರೆ ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಆರದ ಬೆವರು ಮೈ ತಂಪು ಮಾಡುವುದಿಲ್ಲ. ಅದೇ ಕಾರಣಕ್ಕೆ ಇಲ್ಲಿ ಏರ್ ಕೂಲರ್ ಕೊಳ್ಳುವುದು ದಂಡ. ನೀರು ಆವಿಯಾದರೆ ತಾನೇ ಕೂಲರ್ ತಂಪಾಗುವುದು? ಅದು ಕೋಣೆಗೆ ಇನ್ನಷ್ಟು ತೇವ ತುಂಬಿಸಿ, ಸಂಜೆಗೆ ತಲೆದಿಂಬು ಕೂಡ ಒದ್ದೆಯಾದ ಹಾಗೆ ಮಾಡುತ್ತದೆ. ಬಾಗಿಲಿಗೆ ಕಟ್ಟಿದ ತಟ್ಟಿಗೆ ನೀರು ಚಿಮುಕಿಸುವ ಉಪಾಯವೂ ಬಯಲುಸೀಮೆಯದ್ದು, ಇಲ್ಲಿ ನಡೆಯುವುದಿಲ್ಲ.

ಇಲ್ಲಿ ನಡೆಯುವುದು ಗಾಳಿಯ ಲೆಕ್ಕಾಚಾರ. ಬೆಳಿಗ್ಗೆ ಹತ್ತು-ಹನ್ನೊಂದರ ಹೊತ್ತಿಗೆ ನೆಲ ಕಾದು ಕಡಲಗಾಳಿ ಶುರುವಾಗುತ್ತದೆ, ಎರಡರಿಂದ ನಾಲ್ಕರವರೆಗೆ ಜೋರು. ಆಗ ಪಡುವಣ ಕಿಟಕಿ ತೆರೆದಿರಬೇಕು, ಆದರೆ ಬಿಸಿಲು ಒಳಗೆ ಬರಬಾರದು. ಅದಕ್ಕೇ ಪಡು ಜಗಲಿಗೆ ಹೆಣೆದ ತೆಂಗಿನ ಮಡಲು ಇಳಿಬಿಡುವುದು. ಮಡಲಿನ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಬಿಸಿಲು ಅಲ್ಲೇ ನಿಲ್ಲುತ್ತದೆ. ಪ್ಲಾಸ್ಟಿಕ್ ಟಾರ್ಪಾಲು ಕಟ್ಟಿದರೆ ಎರಡೂ ನಿಲ್ಲುತ್ತವೆ. ಸೂರ್ಯ ಮುಳುಗಿದ ಮೇಲೆ ಏಳರಿಂದ ಹತ್ತರವರೆಗೆ ಎಲೆ ಅಲ್ಲಾಡುವುದಿಲ್ಲ. ನೆಲವೂ ಕಡಲೂ ಸಮಸಮ ಬಿಸಿ ಇರುವಾಗ ಗಾಳಿ ಯಾವ ಕಡೆಗೂ ಹೊರಡುವುದಿಲ್ಲ. ದಿನದ ಅತಿ ಕೆಟ್ಟ ಹೊತ್ತು ಅದು. ತಣ್ಣೀರಿನ ಎರಡನೇ ಸ್ನಾನಕ್ಕೆ ಸರಿಯಾದ ಹೊತ್ತೂ ಅದೇ. ಆದರೆ ನೀರು ಬಾವಿಯಿಂದ ಸೇದಿದ್ದೇ ಆಗಬೇಕು, ತಾರಸಿಯ ಟ್ಯಾಂಕಿನ ನೀರು ಆಗ ಇನ್ನೂ ಬಿಸಿ ಇರುತ್ತದೆ. ರಾತ್ರಿ ಗಾಳಿ ಮೂಡಣದಿಂದ, ಘಟ್ಟದ ಕಡೆಯಿಂದ ತಿರುಗುತ್ತದೆ. ಮಲಗುವ ಕೋಣೆಗೆ ಮೂಡು ಕಿಟಕಿ ಇಡದೆ ಕಟ್ಟಿದ ಮನೆಯವರೇ ಕಡೆಗೆ ಎ.ಸಿ. ಹಾಕಿಸುವುದು.

ಇನ್ನು ಹಲಸಿನ ಹಪ್ಪಳ. ಬೇಸಿಗೆಯ ರಾಜ ಇದೇ, ಸುಮ್ಮನೆ ಮಾವು ಅಂತ ಹೇಳಬೇಡಿ.

ಹಪ್ಪಳಕ್ಕೆ ಬೇಕಾದ್ದು ಪೂರ್ತಿ ಬಲಿತ, ಆದರೆ ಹಣ್ಣಾಗಲು ಶುರುವಾಗದ, ಗಟ್ಟಿ ತೊಳೆಯ ಬಕ್ಕೆ ಜಾತಿಯ ಕಾಯಿ. ಮುಳ್ಳು ಚಪ್ಪಟೆಯಾಗಿ ಒಂದರಿಂದ ಒಂದು ದೂರ ಸರಿದಿರಬೇಕು, ಬಡಿದರೆ ಡಬ್ ಡಬ್ ಸದ್ದು ಬರಬೇಕು, ಪರಿಮಳ ಮಾತ್ರ ಬಂದಿರಬಾರದು. ಪರಿಮಳ ಬಂತೆಂದರೆ ಒಳಗೆ ಸಕ್ಕರೆ ಏರಿದೆ ಅಂತಲೇ ಅರ್ಥ. ಅಂಥ ಹಪ್ಪಳ ಎಣ್ಣೆಗೆ ಬಿದ್ದ ತಕ್ಷಣ ಕಪ್ಪಾಗುತ್ತದೆ, ಕಹಿಯಾಗುತ್ತದೆ. ಎಳೆಯ ಕಾಯಿಯದ್ದು ಬೇರೆಯೇ ರಗಳೆ, ಹಿಟ್ಟಿಗೆ ಅಂಟೇ ಇರುವುದಿಲ್ಲ, ಒತ್ತಿದರೆ ಅಂಚು ಒಡೆಯುತ್ತದೆ. ಹತ್ತು ಕಿಲೋದ ಕಾಯಿಯಲ್ಲಿ ಮೂರು ಕಿಲೋದ ಆಚೀಚೆ ಸೊಳೆ (ತೊಳೆ) ಸಿಗುತ್ತದೆ. ಕತ್ತಿಗೂ ಅಂಗೈಗೂ ತೆಂಗಿನೆಣ್ಣೆ ಹಚ್ಚಿಕೊಂಡೇ ಕೂರಿ, ಮೇಣ ಹಿಡಿದ ಮೇಲೆ ಸಾಬೂನಿನಿಂದ ಏನೂ ಆಗುವುದಿಲ್ಲ.

ಬೀಜ ಮತ್ತು ಬೀಜದ ಮೇಲಿನ ಪೊರೆ ತೆಗೆದು ಸೊಳೆಯನ್ನು ಹಬೆಯಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಯಿಸಬೇಕು. ನೀರಿನಲ್ಲಿ ಹಾಕಿ ಕುದಿಸುವವರಿದ್ದಾರೆ. ಎಲ್ಲ ಕೆಡುವುದು ಅಲ್ಲೇ. ನೀರು ಕುಡಿದ ಸೊಳೆಯ ಹಿಟ್ಟು ಸಡಿಲಾಗುತ್ತದೆ, ಹಪ್ಪಳ ಒಣಗಲು ಎರಡು ದಿನ ಹೆಚ್ಚು ಬೇಕಾಗುತ್ತದೆ, ಅಷ್ಟರಲ್ಲಿ ಮೇ ತಿಂಗಳ ಮೋಡ ಬಂದು ಬೂಸಲು ಹಿಡಿಯುತ್ತದೆ. ಬೆಂದ ಸೊಳೆಯನ್ನು ಬಿಸಿ ಇರುವಾಗಲೇ ಒಂದು ಹನಿ ನೀರು ಸೋಕಿಸದೆ ಗುದ್ದಬೇಕು ಅಥವಾ ಅರೆಯಬೇಕು. ತಣಿದರೆ ನಾರು ಬಿಗಿಯುತ್ತದೆ, ಮಿಕ್ಸಿ ಸುಟ್ಟ ವಾಸನೆ ಬರುತ್ತದೆ. ಒಂದು ಕಿಲೋ ಸೊಳೆಗೆ ಏಳೆಂಟು ಒಣಮೆಣಸು, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಚೂರು ಇಂಗು, ಎರಡು ಸಣ್ಣ ಚಮಚ ಉಪ್ಪು. ಹಿಟ್ಟು ತಿಂದು ನೋಡುವಾಗ ಉಪ್ಪು ಸ್ವಲ್ಪ ಕಡಿಮೆ ಅನ್ನಿಸಬೇಕು, ಯಾಕೆಂದರೆ ಒಣಗಿದಾಗ ನೀರು ಹೋಗಿ ಉಪ್ಪು ಉಳಿಯುತ್ತದೆ. ಈ ಹಂತದಲ್ಲಿ ಮಕ್ಕಳು ತೆಂಗಿನೆಣ್ಣೆ ಹಾಕಿ ಹಿಟ್ಟನ್ನೇ ಮುಕ್ಕುತ್ತಾರೆ. ಕಾಲು ಪಾಲು ಅಲ್ಲೇ ಖಾಲಿ, ಅದನ್ನು ಲೆಕ್ಕದಲ್ಲಿ ಹಿಡಿದೇ ಕಾಯಿ ಕೊಯ್ಯಬೇಕು.

ಲಿಂಬೆಹಣ್ಣಿನ ಗಾತ್ರದ ಉಂಡೆ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆ, ಮೇಲೊಂದು ಮಣೆ. ಒಂದೇ ಸಲ ಒತ್ತಿ ಎತ್ತಬೇಕು, ತಿರುಗಿಸಿದರೆ ನಡು ತೆಳ್ಳಗಾಗಿ ತೂತಾಗುತ್ತದೆ. ಒಂದು ಕಿಲೋಗೆ ನಲವತ್ತರ ಆಚೀಚೆ ಹಪ್ಪಳ ಸಿಗುತ್ತದೆ. ಒಣಗಿಸಲು ಮುಂಡುಗದ ಓಲೆ ಚಾಪೆಯೇ ಒಳ್ಳೆಯದು, ಕೆಳಗಿಂದಲೂ ಗಾಳಿಯಾಡುತ್ತದೆ. ಬೆಳಿಗ್ಗೆ ಎಂಟಕ್ಕೆ ಹಾಕಿದರೆ ಮಧ್ಯಾಹ್ನ ಒಂದರೊಳಗೆ ಮಗುಚಬೇಕು. ಮೇಲ್ಮೈ ಒಣಗಿ ಅಡಿ ಇನ್ನೂ ತುಸು ಹಸಿ ಇರುವಾಗ ಅಂಚು ಸುಲಭವಾಗಿ ಏಳುತ್ತದೆ. ತಡ ಮಾಡಿದರೆ ಚಾಪೆಗೆ ಕಚ್ಚಿಕೊಂಡು ಚೂರಾಗುತ್ತದೆ. ಖಡಕ್ ಬಿಸಿಲಿದ್ದರೆ ಮೂರು ದಿನ. ಮುರಿದರೆ ಟಕ್ ಅನ್ನಬೇಕು, ಬಾಗಿದರೆ ಇನ್ನೂ ಒಂದು ಬಿಸಿಲು ಬೇಕು. ಕಾಗೆ ಕಾಯುವುದು ಪ್ರತ್ಯೇಕ ಹುದ್ದೆ, ರಜೆಯಲ್ಲಿ ಬಂದ ಮಕ್ಕಳಿಗೆ ಮೀಸಲು.

ತುಳುವರ ಬೇಷ ತಿಂಗಳ ಹತ್ತನೇ ದಿನ ಪತ್ತನಾಜೆ, ಅಂದರೆ ಮೇ 24–25ರ ಹೊತ್ತಿಗೆ. ದೈವಗಳ ಕೋಲ, ನೇಮ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ಅಂದಿಗೆ ಮುಗಿಯುವ ಹಾಗೆ ಹಪ್ಪಳವೂ ಅದರೊಳಗೆ ಡಬ್ಬಿ ಸೇರಿರಬೇಕು. ಆಮೇಲಿನ ಬಿಸಿಲನ್ನು ನಂಬಿ ಹಾಕಿದ್ದು ಮಳೆಗೆ ಹಾಕಿದ ಹಾಗೆಯೇ. ಉಳಿದ ಕಾಯಿಯ ಸೊಳೆಯನ್ನು ಭರಣಿಯಲ್ಲಿ ಉಪ್ಪಿಗೆ ಹಾಕಿಡಿ, ನಾಲ್ಕೈದು ಪಾಲು ಸೊಳೆಗೆ ಒಂದು ಪಾಲು ಕಲ್ಲುಪ್ಪು, ಮೇಲೆ ಭಾರದ ಕಲ್ಲು. ಆಷಾಢದಲ್ಲಿ ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ ಪಲ್ಯ, ರೊಟ್ಟಿ, ಉಂಡ್ಲಕಾಳು ಏನು ಬೇಕಾದರೂ ಮಾಡಬಹುದು.

ಪುನರ್ಪುಳಿ ಹಪ್ಪಳದಷ್ಟು ಬೇಡಿಕೆ ಇಡುವುದಿಲ್ಲ. ಉತ್ತರ ಕನ್ನಡದವರ ಮುರುಗಲು, ಪೇಟೆಯವರ ಕೋಕಂ ಕೂಡ ಇದೇ. ಏಪ್ರಿಲ್-ಮೇಯಲ್ಲಿ ಕಪ್ಪುಗೆಂಪಾದ ಹಣ್ಣು ಸೀಳಿ ಬೀಜ ತೆಗೆದು, ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆಯಂತೆ ಒಂದರ ಮೇಲೊಂದು ಪದರ ಹಾಕಿ ಗಾಜಿನ ಭರಣಿಗೆ ತುಂಬಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ವಾರ ಹತ್ತು ದಿನ ಬಿಸಿಲಿಗಿಡಿ, ದಿನಕ್ಕೊಮ್ಮೆ ಅಲ್ಲಾಡಿಸಿ. ಸಕ್ಕರೆಯಲ್ಲಿ ಜಿಪುಣತನ ಮಾಡಿದರೆ ನೊರೆ ಬಂದು ಹುಳಿಯುತ್ತದೆ. ಒದ್ದೆ ಚಮಚ ಹಾಕಿದರೂ ಅದೇ ಗತಿ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡವೇ ಬೇಡ, ಹುಳಿ ಅದನ್ನು ತಿನ್ನುತ್ತದೆ. ಸೋಸಿದ ರಸ ಒಂದು ಪಾಲು, ನೀರು ಐದಾರು ಪಾಲು, ಚಿಟಿಕೆ ಉಪ್ಪು, ಚಿಟಿಕೆ ಜೀರಿಗೆ ಪುಡಿ. ಐಸ್ ಬೇಡ, ಮಡಕೆಯ ನೀರು ಸಾಕು. ಇದು ನನ್ನ ಹಠ ಅಂತಲೇ ಇಟ್ಟುಕೊಳ್ಳಿ, ಐಸ್ ಹಾಕಿದರೆ ನಾಲಗೆ ಮರಗಟ್ಟಿ ಹುಳಿಯ ಹಿಂದಿನ ಒಗರೇ ತಿಳಿಯುವುದಿಲ್ಲ. ರಸ್ತೆಬದಿಯಲ್ಲಿ ಕಣ್ಣು ಕುಕ್ಕುವ ಕೆಂಪು ಶರಬತ್ತು ಕಂಡು ಅನುಮಾನ ಬಂದರೆ ಒಂದು ಚಮಚಕ್ಕೆ ಚೂರು ಅಡುಗೆ ಸೋಡಾ ಹಾಕಿ ನೋಡಿ. ಅಸಲಿ ಹಣ್ಣಿನ ಕೆಂಪು ಸೋಡಾಕ್ಕೆ ನೀಲಿ-ಹಸಿರಿನ ಕಡೆ ತಿರುಗುತ್ತದೆ, ಡಬ್ಬಿಯ ಬಣ್ಣ ಸಾಮಾನ್ಯವಾಗಿ ಕದಲುವುದಿಲ್ಲ.

ಸಾರಿಗೆ ಬೇಕಾದ ಒಣಸಿಪ್ಪೆ ಮಾಡುವಾಗ, ಬೀಜದ ಸುತ್ತಲಿನ ತಿರುಳನ್ನು ಕಿವುಚಿ ಬಂದ ರಸದಲ್ಲಿ ಸಿಪ್ಪೆಯನ್ನು ಮತ್ತೆ ಮತ್ತೆ ಅದ್ದಿ ಒಣಗಿಸಬೇಕು. ಮೂರ್ನಾಲ್ಕು ಸಲ ಅದ್ದಿದ್ದು ಕಪ್ಪಗೆ ಮೆತ್ತಗೆ ಇರುತ್ತದೆ. ಬರಿದೇ ಒಣಗಿಸಿದ್ದು ಕಟ್ಟಿಗೆ ಚಕ್ಕೆ ಅಷ್ಟೆ.

ಕಾಟುಮಾವಿನ (ಕಾಡುಮಾವಿನ) ಗೊಜ್ಜಿಗೆ ಒಲೆ ಬೇಕಾಗುವುದು ಕೊನೆಯ ಒಗ್ಗರಣೆಗೆ ಮಾತ್ರ. ಮರದಿಂದ ಬಿದ್ದ ಹಣ್ಣಿನ ತೊಟ್ಟು ಮುರಿದು ಅರ್ಧ ಗಂಟೆ ನೀರಲ್ಲಿ ಹಾಕಿಡಿ, ಸೊನೆ ಇಳಿಯದಿದ್ದರೆ ತುಟಿ ಸುಡುತ್ತದೆ. ಎಂಟ್ಹತ್ತು ಹಣ್ಣು ಕಿವುಚಿ, ಸಿಪ್ಪೆಗೆ ಸ್ವಲ್ಪ ನೀರು ಹಾಕಿ ಹಿಂಡಿ ಆ ನೀರನ್ನೂ ಸೇರಿಸಿ. ಲಿಂಬೆ ಗಾತ್ರದ ಬೆಲ್ಲ, ಉಪ್ಪು, ನಾಲ್ಕು ಸೂಜಿಮೆಣಸು ನುರಿದು ಹಾಕಿ, ಮೇಲೊಂದು ಸಾಸಿವೆ ಒಗ್ಗರಣೆ. ಗೊರಟು ಬಿಸಾಡಿದರೆ ಗೊಜ್ಜು ಮಾಡಿ ಪ್ರಯೋಜನವಿಲ್ಲ, ಕುಚ್ಚಲಕ್ಕಿ ಗಂಜಿಯ ಜೊತೆ ಅದನ್ನು ಚೀಪುವುದೇ ಊಟ. ಹಣ್ಣು ವಿಪರೀತ ಬಿದ್ದ ವರ್ಷ ಮಾಂಬಳ ಮಾಡಿ. ರಸವನ್ನು ಚಾಪೆಯ ಮೇಲೆ ದಿನಕ್ಕೊಂದು ತೆಳು ಪದರ, ಹಿಂದಿನದ್ದು ಒಣಗಿದ ಮೇಲೆಯೇ ಮುಂದಿನದ್ದು. ಆಸೆಗೆ ದಪ್ಪ ಸುರಿದರೆ ನಡುವಿನ ಪದರ ಹುಳಿ ಬರುತ್ತದೆ. ಮೊದಲ ನಾಲ್ಕು ಮಳೆ ಬಿದ್ದ ಮೇಲೆ ಮಾವಿನ ಆಸೆ ಬಿಡುವುದೇ ಒಳ್ಳೆಯದು, ಹೊರಗೆ ಚಂದ ಕಂಡರೂ ಒಳಗೆ ನೊಣದ ಹುಳ ಇರುತ್ತದೆ.

ತಾಟಿನಿಂಗು, ಅಂದರೆ ತಾಳೆಹಣ್ಣಿನ ಎಳೆ ತಿರುಳು, ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ. ಕುಲುಕಿದರೆ ಎಳತು, ರಬ್ಬರಿನ ಹಾಗಿದ್ದರೆ ಬಲಿತದ್ದು, ಹೊಟ್ಟೆನೋವಿಗೆ ದಾರಿ. ಬೊಂಡವನ್ನು ಬೆಳಿಗ್ಗೆ ಬೇಗ ಕೊಯ್ದು ಹಗ್ಗದಲ್ಲಿ ಇಳಿಸಬೇಕು, ಎಸೆದರೆ ಬಿರಿಯುತ್ತದೆ.

ಕಡಲನ್ನು ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಅಳಿವೆಬಾಗಿಲಿನಲ್ಲಿ ಮರುವಾಯಿ (ತಿನ್ನುವ ಚಿಪ್ಪುಮೀನು) ಹೆಕ್ಕುವ ಸುಖ ಬೇರೆ ಎಲ್ಲೂ ಇಲ್ಲ. ಅಘನಾಶಿನಿಯ ಕಡೆ ಬಳಚು ಅನ್ನುತ್ತಾರೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ಇಳಿತದಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ನಿನ್ನೆ ಆರಕ್ಕೆ ಸಿಕ್ಕಿತು ಅಂತ ಇವತ್ತೂ ಆರಕ್ಕೇ ಹೋದರೆ ಕಾಯಬೇಕಾಗುತ್ತದೆ. ತಂದದ್ದನ್ನು ಮೂರ್ನಾಲ್ಕು ಗಂಟೆ ಅದೇ ಉಪ್ಪುನೀರಲ್ಲಿ ಬಿಟ್ಟರೆ ಮರಳು ಉಗುಳುತ್ತದೆ. ತಟ್ಟಿದರೂ ಬಾಯಿ ಮುಚ್ಚದ್ದನ್ನು ಬೇಯಿಸುವ ಮೊದಲೇ ಎಸೆಯಿರಿ, ಬೇಯಿಸಿದರೂ ಬಾಯಿ ಬಿಡದ್ದನ್ನು ಆಮೇಲೆ ಎಸೆಯಿರಿ.

ಸ್ನಾನಕ್ಕೆ ಇಳಿಯುವವರು ಒಂದು ವಿಷಯ ತಿಳಿದಿರಲಿ. ಬಿಳಿ ನೊರೆಯ ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಪೇಟೆಯವರು ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರು ವಾಪಸು ಕಡಲಿಗೆ ಓಡುವ ಸೆಳೆತದ ಜಾಗ ಅದು. ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಬಾರದು, ಸುಸ್ತಾಗುವುದೇ ಸಿಗುವುದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ತಿರುಗಬೇಕು. ಮೇ ಕೊನೆಯಲ್ಲಿ ಇಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ರಜೆ, ಬೋಟುಗಳೇ ದಕ್ಕೆಯಲ್ಲಿ ಕಟ್ಟಿಕೊಂಡಿರುವಾಗ ನಿಮಗೇನು ಅಂಥ ಅರ್ಜೆಂಟು?

ಕೊನೆಗೆ ನನ್ನ ಮುಖ್ಯ ತಕರಾರು. ಈಗ ಮನೆ ಕಟ್ಟಿದವರೆಲ್ಲ ಗೇಟಿನಿಂದ ಮೆಟ್ಟಿಲಿನವರೆಗೆ ಇಂಟರ್‌ಲಾಕ್ ಹಾಸುತ್ತಿದ್ದಾರೆ. ಕೆಸರಾಗುವುದಿಲ್ಲ, ಗುಡಿಸಲು ಸುಲಭ, ಒಪ್ಪೋಣ. ಆದರೆ ಹಗಲು ಕಾದ ಸಿಮೆಂಟು ಸಂಜೆ ಏಳರಿಂದ ಹತ್ತರವರೆಗೆ, ಅಂದರೆ ಗಾಳಿ ಸತ್ತ ಅದೇ ಹೊತ್ತಿಗೆ, ಬಿಸಿ ಕಕ್ಕುತ್ತದೆ. ಮಾವಿನ ಮರದ ಬುಡಕ್ಕೂ ಬಾವಿಯ ಸುತ್ತಕ್ಕೂ ಮಳೆನೀರು ಇಳಿಯುವುದಿಲ್ಲ, ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ಟ್ಯಾಂಕರಿಗೆ ಫೋನು. ಪೂರ್ತಿ ಕಿತ್ತುಹಾಕಿ ಅಂತ ಯಾರೂ ಹೇಳುತ್ತಿಲ್ಲ. ಕಾರು ತಿರುಗಲು ಬೇಕಾದಷ್ಟು ಬಿಟ್ಟು, ತೆಂಕು ಕಡೆ ಹತ್ತಡಿಗೆ ಹದಿನೈದಡಿ ಮಣ್ಣಿನ ಅಂಗಳ ಉಳಿಸಿಕೊಳ್ಳಿ. ದೀಪಾವಳಿ ಕಳೆದ ಮೇಲೆ ನೆಲ ಕೆತ್ತಿ, ನೀರು ಹಾಕಿ ಪೆಟ್ಟುಮಣೆಯಲ್ಲಿ ಬಡಿದು, ಸೆಗಣಿಗೆ ಮಸಿ ಕಲಸಿ ಸಾರಿಸಿದರೆ ಮೇವರೆಗೆ ಆಗಾಗ ಒಂದು ಕೈ ಸಾರಿಸಿದರೆ ಸಾಕು. ನೂರು ಹಪ್ಪಳಕ್ಕೆ ಅಷ್ಟು ಜಾಗ ಧಾರಾಳ.

ಬೆಂಗಳೂರು, ಮುಂಬಯಿಯಿಂದ ರಜೆಗೆ ಬರುವವರು ಏಪ್ರಿಲ್ ಮಧ್ಯದ ಬಿಸು ಹಬ್ಬದಿಂದ ಮೇ 20ರೊಳಗೆ ಬನ್ನಿ. ಹಲಸು, ಮಾವು, ಪುನರ್ಪುಳಿ ಮೂರೂ ಒಟ್ಟಿಗೆ ಸಿಗುವುದು ಆಗಲೇ. ಹೋಗುವಾಗ ಹಪ್ಪಳವನ್ನು ಡಬ್ಬಿಯಲ್ಲೇ ಒಯ್ಯಿರಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಸ್ಸಿನ ಡಿಕ್ಕಿಯಲ್ಲಿಟ್ಟರೆ ನೆಲಮಂಗಲ ತಲುಪುವಾಗ ಹಪ್ಪಳದ ಪುಡಿ ಇರುತ್ತದೆ. ಪುನರ್ಪುಳಿ ರಸದ ಬಾಟಲಿಯನ್ನು ಕತ್ತಿನವರೆಗೆ ತುಂಬಬೇಡಿ, ಎರಡು ಬೆರಳು ಜಾಗ ಬಿಡಿ, ಘಾಟಿಯ ತಿರುವಿನಲ್ಲಿ ಮುಚ್ಚಳ ಸಡಿಲಾದರೆ ಆ ಕಲೆ ಯಾವ ಸೋಪಿಗೂ ಹೋಗುವುದಿಲ್ಲ.