ಪೈಪಿನ ಕೊನೆಯ ಊರಿಗೊಬ್ಬ ಮೆಂಬರ್ ಬೇಕು

ನಿನ್ನೆ ಪಂಚಾಯ್ತಿ ಆಫೀಸಿನಲ್ಲಿ ನೋಡಿದ್ದಕ್ಕೆ ಇನ್ನೂ ಸಿಟ್ಟು ಇಳಿದಿಲ್ಲ. ಬಹುಗ್ರಾಮ ಕುಡಿಯುವ ನೀರಿನ ಯೋಜನೆಯಲ್ಲಿ ನಮ್ಮದು ಕೊನೆಯ ಊರು. ಮೇಲಿನ ಊರುಗಳ ಟ್ಯಾಂಕ್ ತುಂಬಿ ಮಿಕ್ಕಿದರೆ ನಮಗೆ. ಐದಾರು ಹೆಂಗಸರು ಖಾಲಿ ಕೊಡ ಹಿಡಿದೇ ಬಂದಿದ್ದರು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಳ್ಳೆಯ ಮನುಷ್ಯ. "ಅಕ್ಕಾ, ವಾಲ್ವ್ ಇರೋದು ಪಕ್ಕದ ಪಂಚಾಯ್ತೀಲಿ. ಅಲ್ಲಿನ ನೀರುಗಂಟಿ ನನ್ನ ಮಾತು ಕೇಳಲ್ಲ. ಜಿಲ್ಲಾ ಪಂಚಾಯ್ತಿಗೆ ಅರ್ಜಿ ಕೊಡಿ" ಅಂದರು. "ಅಲ್ಲಿ ನಮ್ಮೋರು ಯಾರಿದಾರೆ ಸಾರ್?" ಅಂತ ಒಬ್ಬಾಕೆ ಕೇಳಿದಳು.

ಯಾರೂ ಇಲ್ಲ! ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ಚುನಾವಣೆ ಆಗಿದ್ದು 2016ರಲ್ಲಿ. ಅವಧಿ 2021ರಲ್ಲೇ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಹೊಸ ಚುನಾವಣೆ ಆಗಬೇಕು ಅಂತ ಸಂವಿಧಾನದ 243-ಇ ವಿಧಿ ಹೇಳುತ್ತದೆ. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳು ಉರುಳಿದವು. ಆ ಪಕ್ಷದ ಸರ್ಕಾರ ಇದ್ದಾಗಲೂ ಇದೇ ಕತೆ, ಈ ಪಕ್ಷದ್ದು ಬಂದ ಮೇಲೂ ಇದೇ ಕತೆ.

ಒಂದೇ ಊರಿನ ಚರಂಡಿ, ಬೀದಿದೀಪ ಆದರೆ ಗ್ರಾಮ ಪಂಚಾಯ್ತಿ ಸಾಕು. ಹತ್ತಾರು ಊರು ದಾಟಿ ಬರುವ ಪೈಪಿಗೆ ಸಾಕಾಗಲ್ಲ. ಯಾವ ಊರಿಗೆ ಎಷ್ಟು ಹೊತ್ತು ನೀರು ಬಿಡಬೇಕು ಅನ್ನೋದು ಎಲ್ಲ ಊರಿನವರೂ ಕೂತು ಜಗಳ ಮಾಡಿ ತೀರ್ಮಾನಿಸಬೇಕಾದ ವಿಷಯ. ಆ ಜಗಳಕ್ಕೆ ಇದ್ದ ಜಾಗವೇ ಜಿಲ್ಲಾ ಪಂಚಾಯ್ತಿಯ ಸಾಮಾನ್ಯ ಸಭೆ. ಅಲ್ಲಿ ನಮ್ಮ ಮೆಂಬರ್ ಎದ್ದು ನಿಂತರೆ ಇಂಜಿನಿಯರ್ ಉತ್ತರ ಕೊಡಲೇಬೇಕಿತ್ತು. ಈಗ ಸ್ವೀಕೃತಿ ಸೀಲ್ ಒತ್ತಿ ಅರ್ಜಿ ಇಟ್ಟುಕೊಳ್ಳುತ್ತಾರೆ, ಅಷ್ಟೇ.

"ಮೆಂಬರುಗಳು ಕಮಿಷನ್ ಹೊಡೀತಾರೆ, ಅಧಿಕಾರಿಗಳೇ ವಾಸಿ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಕಮಿಷನ್ ಹೊಡೆದವನನ್ನು ಮುಂದಿನ ಸಲ ಸೋಲಿಸಬಹುದು. ವರ್ಗವಾಗಿ ಹೋಗುವ ಅಧಿಕಾರಿಯನ್ನು ನಾವು ಏನು ಮಾಡೋಕಾಗುತ್ತೆ? ಎಮ್ಮೆಲ್ಲೆ ಇದ್ದಾರಲ್ಲ ಅಂದರೆ, ಇಡೀ ರಾಜ್ಯಕ್ಕೆ ಇರೋರು 224 ಜನ. ಜಿಲ್ಲಾ ಪಂಚಾಯ್ತಿ ಸೀಟುಗಳು ಸಾವಿರಕ್ಕೂ ಜಾಸ್ತಿ ಇದ್ದವು, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಆ ಕೊಡ ಹಿಡಿದವರಲ್ಲೇ ಒಬ್ಬಳು ಆ ಸಭೆಯಲ್ಲಿ ಕೂರಬಹುದಿತ್ತು, ಅಲ್ವಾ? ನನಗೆ ಜಾಸ್ತಿ ಹೊಟ್ಟೆ ಉರಿಯೋದು ಇದಕ್ಕೇ.

ಇದು ಎಲ್ಲೋ ಅಲ್ಲ, ಕರ್ನಾಟಕದಲ್ಲಿ ಆಗುತ್ತಿದೆ. ಪಂಚಾಯ್ತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿಗೂ ಮೊದಲೇ, 1983ರ ಪಂಚಾಯ್ತಿ ಕಾಯ್ದೆ ತಂದು 1987ರಲ್ಲಿ ಜಿಲ್ಲಾ ಪರಿಷತ್ತಿಗೆ (ಜಿಲ್ಲಾ ಪಂಚಾಯ್ತಿಯ ಆಗಿನ ರೂಪ) ಚುನಾವಣೆ ನಡೆಸಿದ ರಾಜ್ಯ ಇದು. ಆ ಕಾಯ್ದೆಗೆ ಬೆವರು ಸುರಿಸಿದವರು ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬರು. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಹಳ್ಳಿಗೆ ನೀರೂ ಬೇಕು, ಅಧಿಕಾರವೂ ಬೇಕು ಅಂತ ಅವರಿಗೆ ಗೊತ್ತಿತ್ತು.

ಎಮ್ಮೆಲ್ಲೆ ಮದುವೆಗೋ ಜಾತ್ರೆಗೋ ನಿಮ್ಮೂರಿಗೆ ಬಂದರೆ ಸುಮ್ನೆ ಸೆಲ್ಫಿ ತಗೊಂಡು ಕಳಿಸಬೇಡಿ. ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಯಾವಾಗ ಅಂತ ಕೇಳಿ. ತಾರೀಖು ಹೇಳುವವರೆಗೂ ಕೇಳಿ.