ಸತ್ಯಾಂಶ: ಎರಡು ಔಷಧಿ ಸೇರಿದ ಬಿಪಿ ಮಾತ್ರೆ ಕಿಡ್ನಿ ಹಾಳು ಮಾಡುತ್ತಾ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಮಂದಿ ಗ್ರೂಪಿಗೆ ಈ ಮೆಸೇಜ್ ಮತ್ತೆ ಬಂದಿದೆ: "ಎರಡು ಔಷಧಿ ಸೇರಿದ ಬಿಪಿ ಮಾತ್ರೆ ಅಂದರೆ ಡಬಲ್ ಡೋಸ್. ಕಿಡ್ನಿ ಹೋಗುತ್ತೆ. ಬಿಪಿ ನಾರ್ಮಲ್ ಆದ ಕೂಡಲೇ ನಿಲ್ಲಿಸಿ."

ಇದು ನಿಜವಲ್ಲ. ಟೆಲ್ಮಿಸಾರ್ಟನ್ 40, ಅಮ್ಲೋಡಿಪಿನ್ 5 ಮಿಲಿಗ್ರಾಂ ಸೇರಿದ ಮಾತ್ರೆಯನ್ನೇ ನೋಡಿ. ಅಮ್ಲೋಡಿಪಿನ್ ರಕ್ತನಾಳದ ಬಿಗಿ ಸಡಿಲಿಸುತ್ತದೆ. ಟೆಲ್ಮಿಸಾರ್ಟನ್ ಆ ಬಿಗಿ ತರುವ ಹಾರ್ಮೋನನ್ನು ತಡೆಯುತ್ತದೆ. ದಾರಿ ಬೇರೆ ಬೇರೆ. ಹಾಗಾಗಿ ಒಂದನ್ನೇ ಜಾಸ್ತಿ ಕೊಡಬೇಕಾಗಿಲ್ಲ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲು ಊದುತ್ತದೆ, ಜೊತೆಗಾರ ಔಷಧಿ ಅದನ್ನೂ ತಗ್ಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇಂಥ ಜೋಡಿ ಮಾತ್ರೆಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಕಿಡ್ನಿಗೆ ನಿಜವಾದ ಪೆಟ್ಟು ಹತೋಟಿ ತಪ್ಪಿದ ಬಿಪಿಯಿಂದ. ಬಿಪಿ ನಾರ್ಮಲ್ ಬಂದಿದ್ದು ಮಾತ್ರೆ ಕೆಲಸ ಮಾಡುತ್ತಿರುವುದರಿಂದ, ಅಲ್ವಾ?

ನನಗೆ ಭಯ ಬೇರೆಯದು. ಅಡಿಕೆ ಕೊಯ್ಲಿನಲ್ಲಿ ಸೊಂಟನೋವು ಅಂತ ಸುಮ್ನೆ ಡೈಕ್ಲೋಫೆನಾಕ್ ನುಂಗುತ್ತೇವೆ. ಟೆಲ್ಮಿಸಾರ್ಟನ್ ಜೊತೆ ಅದು ಕಿಡ್ನಿಗೆ ತೊಂದರೆ ಕೊಡಬಹುದು. ಪೊಟ್ಯಾಸಿಯಂ ಇರುವ "ಲೋ ಸೋಡಿಯಂ" ಉಪ್ಪನ್ನೂ ಕೇಳದೆ ಬಳಸಬೇಡಿ. ವಾಂತಿ ಭೇದಿ ಜೋರಾದರೆ ಡಾಕ್ಟರಿಗೆ ಫೋನ್ ಮಾಡಿ. ಬಸುರಿಯರು ಟೆಲ್ಮಿಸಾರ್ಟನ್ ತೆಗೆದುಕೊಳ್ಳಬಾರದು, ಮಗು ಬೇಕೆಂದಿರುವವರು ಮೊದಲೇ ಹೇಳಿ ಬದಲಿಸಿಕೊಳ್ಳಿ. ಕಿಡ್ನಿ, ಪೊಟ್ಯಾಸಿಯಂ ರಕ್ತಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ.

ನಿನ್ನೆ ಮರೆತಿದ್ದರೆ ಇವತ್ತು ಎರಡು ನುಂಗಬೇಡಿ. ಆಷಾಢದ ಮಳೆಗೆ ಪೇಟೆಗೆ ಹೋಗುವುದೇ ಕಷ್ಟ. ಒಂದು ಸ್ಟ್ರಿಪ್ ಹೆಚ್ಚಿಗೆ ತಂದು, ತೇವ ತಾಗದ ಡಬ್ಬಿಯಲ್ಲಿಡಿ.