ಎದ್ದಿತಲ್ಲ, ಇನ್ನೇನು ತೊಂದರೆ?

ಕೋಲಾರದ ಎಪಿಎಂಸಿ ಮಾರುಕಟ್ಟೆಯ ಟೊಮೆಟೊ ಮಂಡಿಯೊಂದರಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ನಾನು ಹದಿನೆಂಟು ದಿನಗಳಿಂದ ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿದಿಲ್ಲ. ಹರಾಜು ಮುಗಿದು, 15 ಕೆಜಿ ಬಾಕ್ಸುಗಳ ಲೆಕ್ಕವನ್ನು ಗುಮಾಸ್ತರು ಒಬ್ಬೊಬ್ಬ ರೈತರ ಹೆಸರಿಗೆ ಏರಿಸತೊಡಗಿದ ಹೊತ್ತಿಗೆ ಸರಿಯಾಗಿ, ಲೆಕ್ಕವನ್ನೆಲ್ಲ ಕೂಡಿಡುವ ಡೇಟಾಬೇಸ್ ಸರ್ವರ್ ಬೀಳುತ್ತದೆ; ಕೆಲವು ನಿಮಿಷಗಳಲ್ಲಿ, ಯಾರೂ ಮುಟ್ಟದೆಯೇ, ಎದ್ದು ಕೂರುತ್ತದೆ. ಹೀಗೆ ತಾನಾಗಿ ಏಳುವುದೇ ನನ್ನ ಪಾಲಿಗೆ ಶನಿಯಾಗಿದೆ. ಬಿದ್ದೇ ಇದ್ದಿದ್ದರೆ ಎಲ್ಲರೂ ಗಾಬರಿಬಿದ್ದು ಕಾರಣ ಹುಡುಕುತ್ತಿದ್ದರು. ಏಳುತ್ತದಾದ್ದರಿಂದ, ತಂತ್ರಾಂಶ ಮಾರಿದ ಕಂಪನಿಯವರು "ಈಗ ಓಡ್ತಾ ಇದೆಯಲ್ಲ ಸರ್, ಇನ್ನೇನು ತೊಂದರೆ?" ಎಂದು ಕೇಳಿ ದೂರನ್ನು ಮುಗಿಸಿಬಿಡುತ್ತಾರೆ. ಹನ್ನೊಂದು ದೂರುಗಳು ಹೀಗೆಯೇ ಮುಗಿದಿವೆ.

ಏಳುವುದರಲ್ಲಿ ಪವಾಡವೇನೂ ಇಲ್ಲ. ಪ್ರೋಗ್ರಾಮು ಅಕಾಲದಲ್ಲಿ ಸತ್ತರೆ ಮತ್ತೆ ಚಾಲೂ ಮಾಡಬೇಕೆಂದು ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳ ಮೇಲ್ವಿಚಾರಣೆ ನೋಡುವ ಸಿಸ್ಟಮ್‌ಡಿಗೆ ಮೊದಲೇ ಹೇಳಿಟ್ಟಿರುತ್ತದೆ, ಅದು ಹೇಳಿದಂತೆ ಮಾಡುತ್ತದೆ. ಎದ್ದ ಮೈಎಸ್‌ಕ್ಯುಎಲ್ (ನಮ್ಮ ಡೇಟಾಬೇಸಿನ ಹೆಸರು) ಬದಲಾವಣೆಗಳನ್ನು ಗುರುತಿಟ್ಟುಕೊಂಡ ತನ್ನ ರೀಡೂ ಲಾಗ್ ಓದಿ, ಕಮಿಟ್ ಆದದ್ದನ್ನು, ಅಂದರೆ ಪೂರ್ತಿ ದಾಖಲಾದದ್ದನ್ನು, ಉಳಿಸಿಕೊಂಡು, ಅರ್ಧಕ್ಕೆ ನಿಂತದ್ದನ್ನು ಅಳಿಸಿಹಾಕುತ್ತದೆ. ಆ ಅರ್ಧಕ್ಕೆ ನಿಂತದ್ದು ಯಾರೋ ರೈತರ ಬಿಲ್ಲು. ಅದರ ಬದಲಿಗೆ ಗುಮಾಸ್ತರು ಬಿಳಿ ಚೀಟಿಯಲ್ಲಿ ಪೆನ್ನಿನಿಂದ ಬರೆದು ಕೊಡುತ್ತಾರೆ; ಬಿಳಿ ಚೀಟಿಯ ಮೇಲೆ ಈ ಜಿಲ್ಲೆಯ ರೈತರಿಗೆ ಎಷ್ಟು ವಿಶ್ವಾಸವಿದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಮುಳಬಾಗಿಲು ಕಡೆಯಿಂದ ರಾತ್ರಿಯೇ ಮಾಲು ಹೇರಿಕೊಂಡು ಬಂದ ಹಿರಿಯರೊಬ್ಬರು "ಮಿಷನ್ನು ಕೆಟ್ಟಿದ್ದಾ, ಇಲ್ಲ ನೀವು ಕೆಡಿಸಿದ್ದಾ?" ಎಂದು ಕೇಳಿದಾಗ ಅವರೆದುರು ತಲೆ ತಗ್ಗಿಸಿ ನಿಂತವನು ನಾನು.

ಕಂಪನಿಯವರು ಪ್ರತಿ ಸಲವೂ ಡೇಟಾಬೇಸು ತನ್ನ ತೊಂದರೆಗಳನ್ನು ತಾನೇ ಬರೆದಿಡುವ ಎರರ್ ಲಾಗ್ ತರಿಸಿಕೊಂಡು, ಅದರಲ್ಲಿ ಏನೂ ಸಿಗಲಿಲ್ಲ ಎನ್ನುತ್ತಾರೆ. ಸಿಗುವುದಾದರೂ ಹೇಗೆ? ಮೆಮೊರಿಯನ್ನು ತಪ್ಪಾಗಿ ಮುಟ್ಟಿದಾಗ ಬರುವ ಸಿಗ್ನಲ್ 11 ಬಂದು ಕುಸಿದಿದ್ದರೆ ಮೈಎಸ್‌ಕ್ಯುಎಲ್ ಸಾಯುವ ಮುನ್ನ ತನ್ನ ಸ್ಥಿತಿಯನ್ನು ಲಾಗಿನಲ್ಲಿ ಬರೆದಿಡಲು ನೋಡುತ್ತದೆ. ನಿಂತಲ್ಲೇ ಕೊಲ್ಲುವ ಆಜ್ಞೆಯಾದ ಸಿಗ್ನಲ್ 9 ಬಂದರೆ ಯಾವ ಪ್ರೋಗ್ರಾಮಿಗೂ ಒಂದಕ್ಷರ ಬರೆಯಲು ಬಿಡುವು ಇರುವುದಿಲ್ಲ. ಕೊಲೆಯಾದವನ ದಿನಚರಿಯಲ್ಲಿ ಕೊಲೆಗಾರನ ಹೆಸರು ಹುಡುಕುವ ಈ ಬುದ್ಧಿವಂತರಿಗೆ ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ಕರ್ನಲ್ ಲಾಗ್ ಎಂಬುದೊಂದು ಇದೆಯೆಂದು ಎರಡನೆಯ ದಿನವೇ ಹೇಳಿದೆ. 'ಔಟ್ ಆಫ್ ಮೆಮೊರಿ' ಎಂಬ ಸಾಲು, ಕೊಲ್ಲಲ್ಪಟ್ಟದ್ದು ಡೇಟಾಬೇಸೇ ಎಂಬ ವಿವರ, ನಮ್ಮಲ್ಲಿ ಬಿಲ್ಲು ನಿಂತ ಸಮಯಕ್ಕೆ ಸೆಕೆಂಡು ತಪ್ಪದೆ ಹೊಂದುವ ಸಮಯ, ಎಲ್ಲವೂ ಅಲ್ಲಿತ್ತು. ಫೋಟೊ ತೆಗೆದು ಕಳಿಸಿದೆ. ಎತ್ತಿದ ಹೆಬ್ಬೆರಳಿನ ಚಿತ್ರ ಬಂತು, ಉತ್ತರ ಬರಲಿಲ್ಲ.

ಯಂತ್ರದಲ್ಲಿರುವುದು 4 ಜಿಬಿ ಮೆಮೊರಿ. ಅದರಲ್ಲಿ 3 ಜಿಬಿಯನ್ನು ಈ ಮಹಾಶಯರು ಡೇಟಾಬೇಸು ಡಿಸ್ಕಿನಿಂದ ಓದಿದ್ದನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಇನ್ನೋಡಿಬಿ ಬಫರ್ ಪೂಲಿಗೆ ಬರೆದುಕೊಟ್ಟಿದ್ದಾರೆ. ಅದೇ ಯಂತ್ರದಲ್ಲಿ ಅವರ ಜಾವಾ ಬಿಲ್ಲಿಂಗ್ ಪ್ರೋಗ್ರಾಮೂ ಓಡಬೇಕು, ಮೆಮೊರಿ ಸಾಲದಾದಾಗ ಡಿಸ್ಕಿನಲ್ಲಿ ಎರವಲು ಪಡೆಯುವ ಜಾಗ, ಸ್ವಾಪ್ ಎಂಬುದು, ಒಂದು ಎಂಬಿಯೂ ಇಲ್ಲ. ಮೆಮೊರಿಯ ಮುಕ್ಕಾಲು ಪಾಲನ್ನು ಬಫರ್ ಪೂಲಿಗೆ ಕೊಡಬಹುದೆಂಬ ಮಾತು ಡೇಟಾಬೇಸ್ ಒಂದೇ ವಾಸವಾಗಿರುವ ಯಂತ್ರಕ್ಕೆ ಹೇಳಿದ್ದು, ಇಂಥ ವಠಾರಕ್ಕಲ್ಲ. ಮೆಮೊರಿ ಮುಗಿದಾಗ ಕರ್ನಲ್ ಸಾಮಾನ್ಯವಾಗಿ ಎಲ್ಲರಿಗಿಂತ ಹೆಚ್ಚು ತಿಂದವನನ್ನೇ ಆರಿಸಿ ಕೊಲ್ಲುತ್ತದೆ, ಅಂದರೆ ಡೇಟಾಬೇಸನ್ನು. ಅನಂತರದ್ದು ಇನ್ನೂ ಚೆನ್ನಾಗಿದೆ: ಎದ್ದ ಡೇಟಾಬೇಸಿನ ಬಫರ್ ಬರಿದಾಗಿರುವುದರಿಂದ ಪ್ರತಿಯೊಂದನ್ನೂ ಡಿಸ್ಕಿನಿಂದ ಓದಬೇಕು, ಪರದೆ ಅಲುಗಾಡುವುದಿಲ್ಲ, ಗುಮಾಸ್ತರು ಸಿಟ್ಟಿನಿಂದ ಅದೇ ಗುಂಡಿಯನ್ನು ಐದಾರು ಸಲ ಒತ್ತುತ್ತಾರೆ, ಹೊಸ ಕನೆಕ್ಷನ್ನುಗಳು ಒಂದೊಂದೂ ತನ್ನ ಪಾಲಿನ ಸಾರ್ಟ್ ಬಫರ್ (ಸಾಲುಗಳನ್ನು ಕ್ರಮವಾಗಿ ಜೋಡಿಸಲು ಬೇಕಾದ ಮೆಮೊರಿ) ಕೇಳುತ್ತವೆ, ಅದನ್ನೂ ಈ ಜನ ಮೂಲದ 256 ಕೆಬಿಯಿಂದ 16 ಎಂಬಿಗೆ ಏರಿಸಿಟ್ಟಿದ್ದಾರೆ. ಮತ್ತೆ ಮೆಮೊರಿ ತುಂಬುತ್ತದೆ, ಮತ್ತೆ ಬೀಳುತ್ತದೆ. ಸೋಮವಾರ ಒಂದೇ ಬೆಳಿಗ್ಗೆ ಮೂರು ಸಲ ಬಿತ್ತು.

ಆ ದಿನ ಫೋನಿನಲ್ಲಿ ಸಿಕ್ಕ ಹುಡುಗ ಕೆಟ್ಟ ಡೇಟಾಬೇಸನ್ನು ಬಲವಂತವಾಗಿ ಎಬ್ಬಿಸುವ ಫೋರ್ಸ್ ರಿಕವರಿ ಎಂಬ ಸೆಟ್ಟಿಂಗನ್ನು 6ಕ್ಕೆ ಇಟ್ಟು ನೋಡಲು ಹೇಳಿದ. ನಾಲ್ಕು ಮತ್ತು ಅದಕ್ಕೆ ಮೇಲಿನ ಅಂಕಿಗಳು ದತ್ತಾಂಶವನ್ನು ಶಾಶ್ವತವಾಗಿ ಕೆಡಿಸಬಲ್ಲವು ಎಂದು ಕೈಪಿಡಿಯಲ್ಲೇ ಎಚ್ಚರಿಕೆಯಿದೆ. ಬೇರೆ ದಾರಿಯೇ ಇಲ್ಲದಾಗ ಉಳಿದಷ್ಟನ್ನು ಬಾಚಿಕೊಳ್ಳುವುದಕ್ಕೆ ಇರುವ ಉಪಾಯವದು. ನೆಗಡಿಗೆ ಮೂಗು ಕೊಯ್ಯುವ ವೈದ್ಯ ಇವನು. ನಾನು ಒಪ್ಪದಿದ್ದುದಕ್ಕೆ "ಗ್ರಾಹಕರು ಸಹಕರಿಸುತ್ತಿಲ್ಲ" ಎಂದು ದೂರಿನಲ್ಲಿ ಬರೆದುಕೊಂಡಿದ್ದಾನೆ.

ಹಾಗಾದರೆ ನಾನೇ ಸರಿಮಾಡಬಾರದೇ? ಬಫರ್ ಪೂಲನ್ನು ಒಂದೂವರೆ ಜಿಬಿಗೆ ಇಳಿಸಿ, 2 ಜಿಬಿ ಸ್ವಾಪ್ ಸೇರಿಸಿ, ಸಾರ್ಟ್ ಬಫರನ್ನು ಮೊದಲಿದ್ದಲ್ಲಿಗೆ ತರಲು ಅರ್ಧ ಗಂಟೆಯೂ ಬೇಡ. ಆದರೆ ಸೆಟ್ಟಿಂಗ್ ಮುಟ್ಟಿದರೆ ವಾರ್ಷಿಕ ನಿರ್ವಹಣೆಯ ಕರಾರು ರದ್ದಾಗುತ್ತದಂತೆ, ಯಜಮಾನರು ಕಟ್ಟಿದ ಹಣವೂ ಹೋಗುತ್ತದಂತೆ. ಯಜಮಾನರಿಗೆ ಬಿಡಿಸಿ ಹೇಳಿದೆ. ಅವರು ಸಹನೆಯಿಂದಲೇ ಕೇಳಿ, "ಅದೇ ಏಳುತ್ತಲ್ಲಪ್ಪಾ, ಕಂಪನಿಯವರ ಜೊತೆ ನಿಷ್ಠೂರ ಯಾಕೆ?" ಎಂದರು. ಸೆಟ್ಟಿಂಗ್ ಬದಲಿಸಲು ಅನುಮತಿ ಕೋರಿ ಕಂಪನಿಗೆ ಪತ್ರ ಬರೆದು ಆರು ದಿನಗಳಾದವು, ಉತ್ತರವಿಲ್ಲ. ನಾಳೆಯ ಹರಾಜಿಗೆ ಬಿಳಿ ಚೀಟಿಯ ಎರಡು ಕಟ್ಟುಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ ಎಂದು ಗುಮಾಸ್ತರಿಗೆ ಹೇಳಿ ಮನೆಗೆ ಬಂದಿದ್ದೇನೆ.